ಪಂಡಿತಾ ರಮಾಬಾಯಿಯವರ ‘ಮೇಲ್ಜಾತಿಯ ಹಿಂದೂ ಸ್ತ್ರೀ’

ಓದದೆಯೇ ಹೊಗಳಿಸಿಕೊಳ್ಳುವ ಗ್ರಂಥಗಳಿರುವಂತೆ ಓದದೆಯೇ ಹಳಿಸಿಕೊಳ್ಳುವ ಗ್ರಂಥಗಳೂ ಉಂಟು. ಪಂಡಿತಾ ರಮಾಬಾಯಿಯವರು 1887ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರದಲ್ಲಿ ಪ್ರಕಟಿಸಿದ ‘ದಿ ಹೈ-ಕಾಸ್ಟ್ ಹಿಂದೂ ವುಮನ್’, ಎಂದರೆ ‘ಮೇಲ್ಜಾತಿಯ ಹಿಂದೂ ಸ್ತ್ರೀ’, ಎಂಬ ಇಂಗ್ಲಿಷ್ ಪುಸ್ತಕವು ಈ ಎರಡನೆಯ ಪಂಗಡಕ್ಕೆ ಸೇರಿದುದು. ಬರೆದವರು ಮತಾಂತರ ಹೊಂದಿದವರು, ಪರದೇಶೀಯರ ಮುಂದೆ ಸ್ವದೇಶವನ್ನು ದೂರಿದವರು ಎಂಬೆರಡು ಮಾತುಗಳಲ್ಲಿ ಅದರ ವಿಚಾರವು ವಿದ್ವದ್ಗೋಷ್ಠಿಗಳಲ್ಲಿ ಮುಗಿದುಹೋಗುವುದು ವಾಡಿಕೆ. ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ತಮತವನ್ನು ಸ್ವೀಕರಿಸಿದುದು ನಿಜ. ಆದರೆ ಸಾಕ್ಷಿಯು ನುಡಿದುದು ದಿಟವೋ ಸಟೆಯೋ ಎಂಬುದನ್ನು ಸಾಕ್ಷಿಯ ಮತದಿಂದ ನಿರ್ಣಯಿಸುವ ಕ್ರಮವು ನ್ಯಾಯಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.

ಗ್ರಂಥಕರ್ತ್ರಿಯ ಮೂಲವು ಕನ್ನಡ ಸೀಮೆಯದೇ ಎಂಬುದು ಎಷ್ಟೋ ವಾಚಕರಿಗೆ ತಿಳಿದಿರಲಾರದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳಕ್ಕೆ ಸಮೀಪವಾದ ಮಾಳದವರು. ಪುಣೆಯಲ್ಲಿ ವ್ಯಾಸಂಗಮಾಡುತ್ತಿದ್ದಾಗ ಪೇಶ್ವೆಯ ರಾಣಿಯು ಸಂಸ್ಕೃತ ಕಲಿಯುತ್ತಿದ್ದುದನ್ನು ಕಂಡು, ತಮ್ಮ ಮನೆಯಲ್ಲಿಯೂ ಆ ವಿದ್ಯೆಯನ್ನು ಹೆಂಗಸರಿಗೆ ಹೇಳಿಕೊಡಬೇಕೆಂದು ಸಂಕಲ್ಪಿಸಿದರು; ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಗೆ ಹೇಳಿಯೂಕೊಟ್ಟರು. ಜಾತಿಯವರು ಸಿಟ್ಟಾದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಪಾಪವಲ್ಲವೆಂದು ಅವರು ಶಾಸ್ತ್ರಾಧಾರಗಳನ್ನು ತೋರಿಸಬೇಕಾಯಿತು. ತರುವಾಯ ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ರಮಾಬಾಯಿಯವರು ಹುಟ್ಟಿದುದು ಅಲ್ಲಿಯೇ, 1858ರ ಏಪ್ರಿಲಿನಲ್ಲಿ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ದಾರಿಯಲ್ಲಿ ಪಾಠ ಹೇಳಿದವಳು ತಾಯಿ. ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿದರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಆ ತರುಣಿಯು 1878ರಲ್ಲಿ ಕಲ್ಕತ್ತೆಯನ್ನು ಸೇರಲು, ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದಿತ್ತರು.

ಈ ಕಲ್ಕತ್ತೆಯಲ್ಲಿಯೇ ಗ್ರಂಥದ ಬೀಜವು ಬಿದ್ದಿತು. ಅಂತಃಪುರದ ಸ್ತ್ರೀಯರಿಗೆ ಸ್ತ್ರೀಧರ್ಮವನ್ನು ಶಾಸ್ತ್ರಾನುಸಾರವಾಗಿ ಉಪದೇಶಿಸಬೇಕೆಂದು ಪಂಡಿತರೇ ಅವರನ್ನು ಕೇಳಿಕೊಂಡರು. ಉಪದೇಶಿಸುವುದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದಲು ಕುಳಿತವರಿಗೆ, ಬೇರೆ ಎಷ್ಟೋ ವಿಷಯಗಳಲ್ಲಿ ಪರಸ್ಪರ ವಿರೋಧಿಸುವ ಆ ಗ್ರಂಥಗಳು ಸ್ತ್ರೀಜಾತಿಯು ಸ್ವಭಾವತಃ ಕೆಟ್ಟುದೆಂಬ ವಿಷಯದಲ್ಲಿ ಮಾತ್ರ ಏಕಮತವಾಗಿರುವಂತೆ ಕಂಡುಬಂದಿತು. ಕಾವ್ಯ ಪುರಾಣಗಳನ್ನು ಬಾಲ್ಯದಿಂದ ಕಂಠಪಾಠಮಾಡಿದ್ದವರಿಗೆ ಇದು ಹೊಸ ಸುದ್ದಿ! ಹಾಗಿದ್ದರೂ ಒಡನೆಯೇ ಅವರು ತಿರುಗಿಬೀಳಲಿಲ್ಲ. 1882ರಲ್ಲಿ ಮರಾಠಿಯಲ್ಲಿ ಬರೆದ ‘ಸ್ತ್ರೀಧರ್ಮನೀತಿ’ಯಲ್ಲಿ ಹೆಂಗಸರಿಗೇ ಬುದ್ಧಿವಾದವಿದೆ: ಸೋಮಾರಿತನ ಬಿಡಿರಿ, ಓದಿರಿ, ನಿಮ್ಮ ಕಾಲಮೇಲೆ ನಿಲ್ಲಿರಿ ಎಂಬ ಧಾಟಿ. ಐದು ವರ್ಷ ಕಳೆಯಲು ಮಾತಿನ ಮುಖವು ತಿರುಗಿತು. ಸ್ತ್ರೀಯು ಹೇಗಿರಬೇಕೆಂಬ ವಿಚಾರವು ಹಿಂದೆ ಸರಿದು, ಆಕೆಗೆ ಏನು ಮಾಡಲಾಗುತ್ತಿದೆ, ಮಾಡುತ್ತಿರುವವರು ಯಾರು ಎಂಬುದು ಮುಂದೆ ಬಂದಿತು.

ಪುಸ್ತಕವು ಬಾಲ್ಯ, ವಿವಾಹಿತಜೀವನ, ಧರ್ಮದಲ್ಲಿಯೂ ಸಮಾಜದಲ್ಲಿಯೂ ಸ್ತ್ರೀಯ ಸ್ಥಾನ, ವೈಧವ್ಯ, ಈ ಸ್ಥಿತಿಯಿಂದ ಸಮಾಜಕ್ಕಾಗುವ ಫಲ ಎಂದು ಮುಂದುವರಿದು, ವಿಧವೆಯರ ಪಾಠಶಾಲೆಗಾಗಿ ಮಾಡಿದ ಬಿನ್ನಹದಲ್ಲಿ ಮುಗಿಯುತ್ತದೆ. ಬಾಲ್ಯದ ಅಧ್ಯಾಯದಲ್ಲಿ ಹೆಣ್ಣುಶಿಶುಗಳ ಹತ್ಯೆಯ ಪ್ರಸ್ತಾಪವಿದೆ. ಜನಗಣತಿಯಲ್ಲಿ ಹೆಂಗಸರ ಸಂಖ್ಯೆಯು ಗಂಡಸರ ಸಂಖ್ಯೆಗಿಂತ ಕಡಿಮೆಯಾಗಿರುವುದರ ಲೆಕ್ಕವಿದೆ. ಇವೆಲ್ಲ ಆ ಕಾಲದ ಇತರ ಬರಹಗಳಲ್ಲಿಯೂ ಸಿಕ್ಕುವಂಥವು. ಸಿಕ್ಕದುದೆಂದರೆ ಲೇಖಕಿಯು ತನ್ನ ವಿಷಯದಲ್ಲಿ ಇಟ್ಟುಕೊಂಡಿರುವ ಸಂಕೋಚ. ಇಪ್ಪತ್ತೊಂಬತ್ತು ವರ್ಷದೊಳಗೆ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಗಂಡನನ್ನೂ ಕಳೆದುಕೊಂಡು, ಪುಟ್ಟ ಮಗಳೊಡನೆ ಸಮುದ್ರ ದಾಟಿದ ವಿಧವೆಯು ವೈಧವ್ಯದ ಅಧ್ಯಾಯವನ್ನು ಬರೆಯುವಾಗ ತನ್ನ ಕಥೆಯನ್ನು ತೋಡಿಕೊಳ್ಳುವುದಿಲ್ಲ. ಅವರ ಜೀವನವೃತ್ತಾಂತವೆಲ್ಲ ಇರುವುದು ಫಿಲಡೆಲ್ಫಿಯಾದ ಸ್ತ್ರೀ ವೈದ್ಯವಿದ್ಯಾಲಯದ ಅಧಿಕಾರಿಣಿ ರೇಚೆಲ್ ಬಾಡ್ಲಿಯವರು ಬರೆದ ಪೀಠಿಕೆಯಲ್ಲಿ. ‘ನಾನು’ ಎಂಬ ಪದವು ಗ್ರಂಥದಲ್ಲಿ ಬರುವುದು ಬಹುಮಟ್ಟಿಗೆ ‘ನಾನು ಕಂಡೆ’ ಎನ್ನಬೇಕಾದಾಗ ಮಾತ್ರ. ಎಳೆಯ ಹೆಂಡಿರನ್ನು ಎಳೆಯ ಗಂಡಂದಿರು ಹೊಡೆಯುವುದನ್ನು ಹಲವು ಸಲ ಕಣ್ಣಾರೆ ಕಂಡುದಾಗಿ ಅವರು ಹೇಳುವರು. ಹದಿಮೂರು ವರ್ಷದ ಒಬ್ಬ ಬಾಲೆ, ಈ ಮನೆಗಿಂತ ತೌರುಮನೆಯೇ ತನಗೆ ಇಷ್ಟವೆಂದು ಇದ್ದುದನ್ನು ಇದ್ದಹಾಗೆ ಹೇಳಿದ್ದಕ್ಕಾಗಿ ಗಂಡನಿಂದ ನಿರ್ದಯವಾಗಿ ಪೆಟ್ಟುತಿಂದಳಂತೆ. ಇದಕ್ಕೆ ಲೇಖಕಿಯು ಅಲಂಕಾರವನ್ನು ಸೇರಿಸಿಲ್ಲ, ಕಣ್ಣೀರನ್ನೂ ಸೇರಿಸಿಲ್ಲ.

ಈ ಸಂಕೋಚದ ಪರಾಕಾಷ್ಠೆಯು ಗೋದಾವರೀತೀರದ ಪ್ರಸಂಗದಲ್ಲಿದೆ. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಯಾತ್ರೆಗೆ ಬಂದಿದ್ದ ಬ್ರಾಹ್ಮಣನೊಬ್ಬನು ಬೆಳಗಿನ ಸ್ನಾನಕ್ಕೆಂದು ನದಿಗೆ ಹೋಗಿರುವಾಗ, ರೂಪವಂತನಾದ ಅಪರಿಚಿತನೊಬ್ಬನು ಅಲ್ಲಿಗೆ ಬರುವನು. ಸ್ನಾನಸಂಧ್ಯೆಗಳಾದ ಮೇಲೆ ಕುಲಗೋತ್ರಗಳ ವಿಚಾರಣೆ. ಆತನು ವಿಧುರನೆಂದು ತಿಳಿಯುತ್ತಲೇ ಒಂಬತ್ತು ವರ್ಷದ ಹಿರಿಯ ಮಗಳನ್ನು ಕೊಡುವ ಮಾತು. ಗಳಿಗೆಯೆರಡು ಗಳಿಗೆಯಲ್ಲಿ ಎಲ್ಲವೂ ನಿಶ್ಚಯವಾಗಿ, ಮಾರನೆಯ ದಿನ ಮದುವೆಯಾಗಿ, ಬಾಲೆಯು ನೂರಾರು ಮೈಲಿ ದೂರದ ಊರಿಗೆ ಹೊರಟುಹೋದಳು. ತಂದೆಯು ನಿಶ್ಚಿಂತನಾಗಿ ಯಾತ್ರೆಯನ್ನು ಮುಂದುವರಿಸಿದನು. ಹುಡುಗಿಯು ಒಳ್ಳೆಯವರ ಕೈಗೆ ಬಿದ್ದಳು, ಎಣಿಸಿದುದಕ್ಕಿಂತ ಹೆಚ್ಚಾಗಿ ಪ್ರೀತಿಯಿಂದ ಪಾಲಿತಳಾದಳು. ಆದರೂ ಅವಳ ಗತಿ ಏನಾಯಿತೆಂದು ವಿಚಾರಿಸಲೂ ಬಾರದ ಆ ತಂದೆಯ ನಡತೆ ದೂಷ್ಯವೇ ಎಂದು ರಮಾಬಾಯಿಯವರು ಪ್ರಸಂಗವನ್ನು ಮುಗಿಸುವರು. ಹೆಸರುಗಳಿಲ್ಲ. ಆ ಅಪರಿಚಿತನು ಅನಂತಶಾಸ್ತ್ರಿಗಳೆಂದೂ, ಆ ಬಾಲೆಯು ಲಕ್ಷ್ಮೀಬಾಯಿಯೆಂದೂ, ಎಂದರೆ ಗ್ರಂಥವು ಯಾರ ಸ್ಮರಣೆಗೆ ಅರ್ಪಿತವಾಗಿದೆಯೋ ಆ ತಾಯಿಯೇ ಎಂದೂ, ತಿಳಿಯಬೇಕಾದರೆ ಬಾಡ್ಲಿಯವರ ಪೀಠಿಕೆಯನ್ನು ನೋಡಬೇಕು.

ಈ ಪ್ರಸಂಗದ ತೂಕವು ಮೊದಲ ಓದಿಗೆ ತಿಳಿಯುವಂಥದಲ್ಲ. ತನ್ನ ತಂದೆಯನ್ನು ಮಗಳು ಪೂಜ್ಯಭಾವದಿಂದಲೇ ಕಂಡಳು. ತಾನು ಕಲಿತ ಅಕ್ಷರವೆಲ್ಲ ಆ ಮದುವೆಯ ಫಲವೆಂಬುದನ್ನೂ ಬಲ್ಲಳು. ಅಂಥ ಮಗಳು, ಪರಿಣಾಮವು ಶುಭವಾದುದರಿಂದ ಕಾರ್ಯವು ಶುಭವೆಂದು ಒಪ್ಪುವುದಿಲ್ಲ. ಒಂಬತ್ತು ವರ್ಷದವಳು ಒಳ್ಳೆಯ ಕೈಗೆ ಬಿದ್ದುದು ಅದೃಷ್ಟ, ಕೊಟ್ಟವನ ಧರ್ಮವಲ್ಲ. ಹದಿಮೂರು ವರ್ಷದ ಇನ್ನೊಬ್ಬಳು ಕೆಟ್ಟ ಕೈಗೆ ಬಿದ್ದಳು. ಇಬ್ಬರನ್ನು ಕೊಟ್ಟ ವಿಧಿಯೂ ಒಂದೇ, ಮಂತ್ರವೂ ಒಂದೇ.

ಸ್ತ್ರೀಗೆ ರಕ್ಷಣೆಯುಂಟೆಂದು ಸಾರುವವರಿಗೆ ಇಲ್ಲಿ ಉತ್ತರ ಹೇಳಬೇಕಾದ ಪ್ರಶ್ನೆಯೊಂದು ಏಳುತ್ತದೆ. ಬಾಲ್ಯದಲ್ಲಿ ತಂದೆ, ಯೌವನದಲ್ಲಿ ಗಂಡ, ಮುಪ್ಪಿನಲ್ಲಿ ಮಗ ಕಾಯುವರೆಂದು ಮನುವಿನ ಒಂಬತ್ತನೆಯ ಅಧ್ಯಾಯದ ಮೂರನೆಯ ಶ್ಲೋಕವು ಹೇಳುತ್ತದೆ. ಕಾಯುವವನೇ ಹೊಡೆದರೆ? ಕಾಯುವವನೇ ಮಾರಿದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಕನ್ನಡದಲ್ಲಿದೆ. ಆ ಶ್ಲೋಕದಲ್ಲಿ ಅದರ ವಿಚಾರವಿಲ್ಲ.

ರಮಾಬಾಯಿಯವರ ಆಕ್ಷೇಪಣೆಗೆ ಸಾಮಾನ್ಯವಾಗಿ ಕೊಡುವ ಪ್ರತ್ಯುತ್ತರವು ಮೂರನೆಯ ಅಧ್ಯಾಯದ ಐವತ್ತಾರನೆಯ ಶ್ಲೋಕ. ಸ್ತ್ರೀಯರನ್ನು ಪೂಜಿಸುವೆಡೆಯಲ್ಲಿ ದೇವತೆಗಳು ನಲಿಯುವರೆಂಬ ಅದು ಸಭೆಸಮಾರಂಭಗಳಲ್ಲಿ ಎಷ್ಟು ಸಲ ಮೊಳಗುತ್ತದೆಯೆಂಬುದನ್ನು ಹೇಳಬೇಕಾದುದಿಲ್ಲ. ಅಲ್ಲಲ್ಲಿ ಬರುವ ಇಂಥ ಮೆಚ್ಚುಮಾತುಗಳು, ಇಡೀ ಜಾತಿಯನ್ನೇ ನಿಂದಿಸಿದ ಮೇಲೆ, ಪರಿಹಾಸದಂತೆ ತೋರುವುವೆಂದು ರಮಾಬಾಯಿಯವರ ಅಭಿಪ್ರಾಯ. ಪಂಡಿತರು ಹೇಳುವುದೇನೆಂದರೆ: ನಿಂದೆಯ ವಾಕ್ಯಗಳು ಅರ್ಥವಾದಗಳು, ಒಂದನ್ನು ನಿಂದಿಸುವುದು ನಿಂದೆಗಾಗಿಯಲ್ಲ, ಮತ್ತೊಂದನ್ನು ವಿಧಿಸುವುದಕ್ಕಾಗಿ ಎಂಬುದು ಮೀಮಾಂಸಕರ ನ್ಯಾಯ, ಇದನ್ನರಿಯದೆ ಪಂಡಿತೆಯು ಅಕ್ಷರಾರ್ಥಕ್ಕೆ ಕೈಹಾಕಿದಳು. ವಾದವು ಚೆನ್ನಾಗಿಯೇ ಇದೆ. ಆದರೆ ಅದೇ ನ್ಯಾಯದಿಂದ ಹೊಗಳಿಕೆಯೂ ಅರ್ಥವಾದವೇ ಸರಿ. ಐವತ್ತಾರನೆಯ ಶ್ಲೋಕವು ಸ್ತುತಿ. ಅದು ಯಾವ ವಿಧಿಯ ಶೇಷವೆಂದು ನೋಡಬೇಕಾದರೆ ಪ್ರಕರಣವನ್ನು ಮುಂದೆ ಓದಬೇಕು. ಐವತ್ತೊಂಬತ್ತರಲ್ಲಿ ಪೂಜೆಯೆಂದರೇನೆಂಬುದು ಸ್ಪಷ್ಟವಾಗಿದೆ: ಏಳಿಗೆಯನ್ನು ಬಯಸುವ ಗಂಡಸರು ಹಬ್ಬಹರಿದಿನಗಳಲ್ಲಿ ಅವರಿಗೆ ಒಡವೆ, ವಸ್ತ್ರ, ಭೋಜನಗಳನ್ನು ಕೊಡತಕ್ಕದ್ದು. ಸ್ತುತಿನಿಂದೆಗಳೆರಡನ್ನೂ ಅರ್ಥವಾದವೆಂದು ಬದಿಗಿಟ್ಟರೆ ಉಳಿಯುವ ವಿಧಿಯು ಸೀರೆ ಮತ್ತು ಊಟ.

ಎಂಟನೆಯ ಅಧ್ಯಾಯದ 299ನೆಯ ಶ್ಲೋಕದಲ್ಲಿ ಇನ್ನೊಂದು ಮಾತಿದೆ. ತಪ್ಪುಮಾಡಿದ ಹೆಂಡತಿ, ಮಗ, ದಾಸ, ಆಳು, ಒಡಹುಟ್ಟಿದ ತಮ್ಮ, ಇವರನ್ನು ಹಗ್ಗದಿಂದಲಾಗಲಿ ಸೀಳಿದ ಬಿದಿರಿನಿಂದಲಾಗಲಿ ಹೊಡೆಯಬಹುದೆಂದೂ, ಮುಂದಿನ ಶ್ಲೋಕದಲ್ಲಿ ಬೆನ್ನಿನ ಮೇಲೆ ಹೊಡೆಯಬೇಕಲ್ಲದೆ ತಲೆಯ ಮೇಲಲ್ಲವೆಂದೂ ಹೇಳಿದೆ. ಇದು ಹೊಡೆಯೆಂಬ ವಿಧಿಯಲ್ಲ, ಹೀಗಲ್ಲದೆ ಹೊಡೆಯಬೇಡವೆಂಬ ಪರಿಸಂಖ್ಯೆಯೆಂದು ಸಮಾಧಾನ ಹೇಳಬಹುದು. ಒಪ್ಪತಕ್ಕದ್ದೇ. ಆದರೆ ಮೊದಲೇ ಪ್ರಾಪ್ತವಾಗಿರುವುದಕ್ಕಲ್ಲದೆ ಪರಿಸಂಖ್ಯೆಯು ಹೊಂದುವುದಿಲ್ಲ. ಹೆಂಡತಿಯನ್ನು ಹೊಡೆಯುವುದು ಯಾರೂ ವಿಧಿಸಬೇಕಾಗಿಲ್ಲದ, ಹೇಗೂ ಇದ್ದೇ ಇರುವ ಸಂಗತಿಯೆಂದು ಸ್ಮೃತಿಕಾರನು ಎಣಿಸಿದನೆಂದಾಯಿತು. ಮಗನು ಬೆಳೆದು ಈ ಪಟ್ಟಿಯಿಂದ ಹೊರಬೀಳುವನು, ತಮ್ಮನು ಬೇರೆ ಮನೆ ಹೂಡುವನು. ಹೆಂಡತಿಯು ಮುದುಕಿಯಾದರೂ ಅಲ್ಲಿಯೇ.

ರಮಾಬಾಯಿಯವರ ಕಡೆಯೂ ಕೊರತೆಗಳುಂಟು. ಒಂಬತ್ತನೆಯ ಅಧ್ಯಾಯದ ಹನ್ನೆರಡನೆಯ ಶ್ಲೋಕಕ್ಕೆ ಅವರ ವಾದದಲ್ಲಿ ತಕ್ಕ ಸ್ಥಳವಿಲ್ಲ. ಗಂಡಸರು ಮನೆಯಲ್ಲಿ ಕೂಡಿಹಾಕಿದುದರಿಂದ ಸ್ತ್ರೀಯರು ರಕ್ಷಿತರಾಗುವುದಿಲ್ಲ, ತಮ್ಮನ್ನು ತಾವೇ ಕಾಯ್ದುಕೊಳ್ಳುವವರೇ ಸುರಕ್ಷಿತರು ಎಂದು ಮನುವೇ ಅಲ್ಲಿ ಹೇಳಿರುವನು. ಪಾಠಶಾಲೆಗಾಗಿ ಜೋಳಿಗೆ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಪ್ರಮಾಣವು ದೊರೆಯದು. ಮರುಶ್ಲೋಕದಲ್ಲಿಯೇ ಸ್ತ್ರೀಯನ್ನು ಕೆಡಿಸುವ ಆರು ದೋಷಗಳ ಪಟ್ಟಿಯನ್ನು ಕೊಟ್ಟು ಸ್ಮೃತಿಕಾರನು ಕೊಟ್ಟುದನ್ನು ಕಿತ್ತುಕೊಳ್ಳುವನೆಂಬುದು ಬೇರೆ ಮಾತು. ಎರಡನೆಯದಾಗಿ, ಒಂದೊಂದು ಪ್ರಾಂತದ ಆಚಾರವನ್ನು ಇಡೀ ದೇಶಕ್ಕೆ ಹೊಂದಿಸುವ ಆತುರವು ಪುಸ್ತಕದಲ್ಲಿ ಕಾಣುತ್ತದೆ. ಸಾವಿರಾರು ಹರದಾರಿ ದೂರದ ದಾನಿಗಳಿಗೆ ನಾಲ್ಕು ಮಾತಿನಲ್ಲಿ ತಿಳಿಯಹೇಳಬೇಕಾದವರು ಹಾಗೆ ಮಾಡುವುದು ಸಹಜವಾದರೂ ಗ್ರಂಥಕ್ಕೆ ಅದು ಶೋಭೆಯಲ್ಲ. ಹೊಲದಲ್ಲಿ ಕಳೆಕಿತ್ತು ಮನೆಗೆ ಬಂದು, ಕುಡಿದ ಗಂಡನಿಂದ ಏಟು ತಿನ್ನುವವಳ ಕಥೆಯು ಇಲ್ಲಿಲ್ಲ. ಮೇಲ್ಜಾತಿಯೆಂದು ಹೆಸರಿನಲ್ಲಿಯೇ ಎಲ್ಲೆ ಕಟ್ಟಿರುವುದರಿಂದ ಅದನ್ನು ತಪ್ಪೆನ್ನಲಾಗದು, ಕೊರತೆಯೆನ್ನಬಹುದು.

ಆದರೆ ದಾನಿಗಳ ಮುಖ ನೋಡಿ ಮಾತು ಹದಮಾಡಿದರೆಂಬ ಅಪವಾದವು ನಿಲ್ಲುವುದಿಲ್ಲ. ರಖ್ಮಾಬಾಯಿಯ ಮೊಕದ್ದಮೆಯ ಭಾಗವನ್ನು ಓದಿದವರಾರೂ ಹಾಗೆನ್ನಲಾರರು. ಹನ್ನೊಂದನೆಯ ವರ್ಷದಲ್ಲಿ ಮದುವೆಯಾಗಿ, ಗಂಡನ ಮನೆಗೆ ಹೋಗಲೊಲ್ಲದ ಈ ಮುಂಬಯಿಯ ಹೆಣ್ಣುಮಗಳ ಮೇಲೆ ಗಂಡ ದಾದಾಜಿ ಭಿಕಾಜಿಯು 1884ರಲ್ಲಿ ದಾವಾ ಹೂಡಿದನು. 1885ರಲ್ಲಿ ನ್ಯಾಯಾಧೀಶ ಪಿನ್ಹೆಯವರು, ಒಲ್ಲದವಳನ್ನು ಬಲಾತ್ಕಾರವಾಗಿ ಒಪ್ಪಿಸಲಾಗದೆಂದು ಆಕೆಯ ಕಡೆ ತೀರ್ಪಿತ್ತರು. ಅಪೀಲಿನಲ್ಲಿ ಅದು ಬಿದ್ದುಹೋಯಿತು. 1887ರ ಮಾರ್ಚಿಯಲ್ಲಿ ನ್ಯಾಯಾಧೀಶ ಫಾರನ್ನರು, ತಿಂಗಳೊಳಗೆ ಗಂಡನ ಮನೆ ಸೇರಬೇಕು, ಇಲ್ಲವೆ ಆರು ತಿಂಗಳು ಸೆರೆಮನೆ ಎಂದು ಆಜ್ಞಾಪಿಸಲು, ರಖ್ಮಾಬಾಯಿಯು ಸೆರೆಮನೆಯನ್ನೇ ಆರಿಸಿಕೊಂಡಳು. ಈ ಸುದ್ದಿಯು ಬಂದಾಗ ರಮಾಬಾಯಿಯವರು ಅಮೆರಿಕಾದಲ್ಲಿದ್ದರು. ಹಿಂದೂ ಗಂಡಸರನ್ನು ದೂರಿದ ಲೇಖನಿಯೇ ಇಲ್ಲಿ ಇಂಗ್ಲಿಷ್ ಸರಕಾರದ ಕಡೆಗೆ ತಿರುಗಿತು: ಒಬ್ಬ ಅಬಲೆಯನ್ನು ಕಾಯಹೋದರೆ ರಾಜ್ಯಕ್ಕೂ ಲಾಭಕ್ಕೂ ಧಕ್ಕೆಯಾದೀತೆಂದು ಅಂಜುವ ದೊರೆತನವು ಈ ದೇಶದ ಗಂಡಸರೊಡನೆ ಒಪ್ಪಂದ ಮಾಡಿಕೊಂಡಿದೆ ಎಂಬ ಅರ್ಥದ ಅವರ ವ್ಯಂಗ್ಯವು ಕ್ರೈಸ್ತ ದಾನಿಗಳ ಕಿವಿಗೆ ಇಂಪಾಗಿದ್ದಿರಲಾರದು.

ರಖ್ಮಾಬಾಯಿಯು ಕಡೆಗೆ ಸೆರೆಮನೆಗೆ ಹೋಗಬೇಕಾಗಲಿಲ್ಲ. 1888ರಲ್ಲಿ ದಾದಾಜಿಯು ಎರಡು ಸಾವಿರ ರೂಪಾಯಿ ಪಡೆದು ಹಕ್ಕನ್ನು ಬಿಟ್ಟನು. ಆಕೆ ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು ಬಂದು ಬಹುಕಾಲ ವೈದ್ಯಳಾಗಿದ್ದಳು. ದಾದಾಜಿಯು ಹೂಡಿದಂಥ ದಾವಾ ಮಾತ್ರ ಅವನೊಡನೆ ಕೊನೆಗೊಳ್ಳಲಿಲ್ಲ. ಸಹಜೀವನವನ್ನು ಮರಳಿ ಕೊಡಿಸೆಂದು ಗಂಡಹೆಂಡಿರಲ್ಲಿ ಯಾರಾದರೂ ಕೇಳಬಹುದಾದ ಆ ಹಕ್ಕು 1955ರ ಹಿಂದೂ ವಿವಾಹ ಕಾಯಿದೆಯ ಒಂಬತ್ತನೆಯ ಕಲಮಿನಲ್ಲಿ ಸೇರಿತು. 1983ರಲ್ಲಿ ಆಂಧ್ರಪ್ರದೇಶದ ಹೈಕೋರ್ಟು ಅದು ಸ್ತ್ರೀಯ ದೇಹದ ಮೇಲಣ ಆಕೆಯ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಮರುವರ್ಷವೇ ಸುಪ್ರೀಂ ಕೋರ್ಟು ಅದನ್ನು ಊರ್ಜಿತಗೊಳಿಸಿತು.