ಅಟ್ಟದ ಮೇಲಿನ ಠೇವಣಿ

ತಿಪಟೂರಿನ ಕೊಬ್ಬರಿ ವ್ಯವಹಾರದ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದು ಮಂಗಳೂರು, ಉಡುಪಿಯ ಬ್ಯಾಂಕುಗಳ ಚರಿತ್ರೆ. ಎನ್.ಕೆ. ತಿಂಗಳಾಯರ ‘ದಿ ಬ್ಯಾಂಕಿಂಗ್ ಸಾಗಾ’. ಇಂಗ್ಲಿಷಿನಲ್ಲಿರುವ ಈ ಪುಸ್ತಕವನ್ನು ಸಾಹಿತ್ಯದ ವಿದ್ಯಾರ್ಥಿಗಳು ಮುಟ್ಟುವುದು ಕಡಿಮೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಇದರಿಂದ ಅಂಕ ಬರುವುದಿಲ್ಲ. ಆದರೆ ಒಂದು ಸೀಮೆಯ ಕತೆಯನ್ನು ದುಡ್ಡಿನ ಕಡೆಯಿಂದ ಹೇಳಬಹುದು ಎಂಬ ಧೈರ್ಯ ನನಗೆ ಬಂದದ್ದು ಇಂಥ ಬರಹದಿಂದಲೇ.

ತಿಂಗಳಾಯರು ಸಿಂಡಿಕೇಟ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದು, ಅದರ ಅಧ್ಯಕ್ಷರೂ ಆದವರು. ಆಮೇಲೆ ನಿಟ್ಟೆಯ ಜಸ್ಟಿಸ್ ಕೆ.ಎಸ್. ಹೆಗ್ಡೆ ಮ್ಯಾನೇಜ್‌ಮೆಂಟ್ ಸಂಸ್ಥೆಗೆ ಬಂದು, ಬ್ಯಾಂಕರುಗಳಾಗಲಿದ್ದ ಹುಡುಗರ ಮುಂದೆ ನಿಂತರು. ದೊಡ್ಡ ಕುರ್ಚಿಯಿಂದ ಎದ್ದವರು ಸಾಮಾನ್ಯವಾಗಿ ಆತ್ಮಕತೆ ಬರೆಯುತ್ತಾರೆ. ಯಾವ ಮಂತ್ರಿ ಏನು ಹೇಳಿದ, ತಾನು ಹೇಗೆ ಜಗ್ಗಲಿಲ್ಲ, ಇತ್ಯಾದಿ. ತಿಂಗಳಾಯರಿಗೆ ತಮಗಿಂತ ತಮ್ಮ ಜಿಲ್ಲೆಯ ಮೇಲೆ ಹೆಚ್ಚು ಕುತೂಹಲ. ಅವರ ವೃತ್ತಿಜೀವನದಲ್ಲಿ ನನಗೆ ಹಿಡಿಸಿದ್ದು ಇದು: ಅವರು ಬ್ಯಾಂಕಿನಿಂದ ಶಾಲೆಗೆ ಹೊತ್ತು ತಂದದ್ದು ಒಂದು ಪ್ರಶ್ನೆ. ದೊಡ್ಡ ಕೈಗಾರಿಕೆ ಇಲ್ಲದ, ಮಳೆಯೂ ಮಲೆಯೂ ಸೇರಿ ದಾರಿ ಕಟ್ಟಿದ್ದ ಒಂದು ಜಿಲ್ಲೆಯಲ್ಲಿ ಇಷ್ಟೊಂದು ಬ್ಯಾಂಕುಗಳು ಯಾಕೆ ಹುಟ್ಟಿದವು?

ಪ್ರಶ್ನೆ ಸಣ್ಣದಲ್ಲ. 1906ರಲ್ಲೇ ಎರಡು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕ್. ಮರುವರ್ಷ ಉಡುಪಿಯಲ್ಲಿ ನೇಕಾರರ ಕಷ್ಟ ನೋಡಿ 8,000 ರೂಪಾಯಿ ಬಂಡವಾಳದಲ್ಲಿ ಶುರುವಾದ ಸಿಂಡಿಕೇಟ್. 1931ರಲ್ಲಿ ವಿಜಯಾ. ಇವುಗಳಲ್ಲಿ ನಾಲ್ಕು, ಎರಡು 1969ರಲ್ಲಿ, ಎರಡು 1980ರಲ್ಲಿ, ರಾಷ್ಟ್ರೀಕರಣವಾಗುವಷ್ಟು ಬೆಳೆದವು. ಈಗ ಆ ನಾಲ್ಕರಲ್ಲಿ ಹೆಸರು ಉಳಿಸಿಕೊಂಡಿರುವುದು ಕೆನರಾ ಒಂದೇ. ವಿಜಯಾ 2019ರ ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಅದರ ಮರುವರ್ಷ ಅದೇ ದಿನಕ್ಕೆ ವಿಲೀನವಾದವು. ಸಂಭ್ರಮದ ಚರಿತ್ರೆಯಾಗಿ ಬರೆದದ್ದನ್ನು ನಾವು ಈಗ ತಿಥಿಯ ದಿನ ಓದುವಂತೆ ಓದುತ್ತೇವೆ. ಇದು ಲೇಖಕರ ಕೈಯಲ್ಲಿದ್ದ ಸಂಗತಿಯಲ್ಲ, ಆದರೆ ಪುಸ್ತಕದ ತೂಕ ಹೆಚ್ಚಿರುವುದು ಇದರಿಂದಲೇ.

ನಮ್ಮ ತೆಂಗಿನ ಸೀಮೆಗೂ ಒಂದು ಬ್ಯಾಂಕಿತ್ತು. ಕಲ್ಪತರು ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ತುಮಕೂರು, ಬೆನ್ನಿಗೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು. (ಗ್ರಾಮೀಣ ಬ್ಯಾಂಕುಗಳ ಸಾಲಿನಲ್ಲಿ ದೇಶಕ್ಕೇ ಮೊದಲನೆಯದಾದ, 1975ರ ಅಕ್ಟೋಬರ್ 2ರಂದು ಮೊರಾದಾಬಾದಿನಲ್ಲಿ ತೆರೆದ ‘ಪ್ರಥಮಾ’ವನ್ನು ಪ್ರಾಯೋಜಿಸಿದ್ದು ತಿಂಗಳಾಯರ ಸಿಂಡಿಕೇಟೇ.) ನಮ್ಮದರ ಬೋರ್ಡನ್ನು ಓದಿದರೆ ಸಾಕು, ಕತೆ ತಿಳಿಯುತ್ತದೆ. ಮೊದಲು ಕಲ್ಪತರು, ಆಮೇಲೆ ಕಾವೇರಿ ಕಲ್ಪತರು, 2012ರ ಹೊತ್ತಿಗೆ ಬರೀ ಕಾವೇರಿ, 2019ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ತಿದ್ದಿದಷ್ಟೂ ಹೆಸರು ಹಿಗ್ಗಿತು, ಊರು ಅಳಿಸಿತು. ಅತ್ತ ಸ್ಟೇಟ್ ಬ್ಯಾಂಕ್ ಆಫ್ ಮೈಸೂರೂ 2017ರಲ್ಲಿ ಹೋಯಿತು. ಕರಾವಳಿಯ ಬ್ಯಾಂಕುಗಳಿಗೆ ತಿಂಗಳಾಯರು ಸಿಕ್ಕರು. ಕಲ್ಪತರುವಿಗೆ ಅಂಥವರೊಬ್ಬರು ಸಿಕ್ಕಿದ್ದನ್ನು ನಾನು ಕಾಣೆ.

ಇಲ್ಲಿಂದ ನನ್ನ ತಕರಾರು. ಅದು ಈ ಪುಸ್ತಕದ ಮೇಲಲ್ಲ, ಬ್ಯಾಂಕಿನ ಚರಿತ್ರೆ ಎಂಬ ಬರಹದ ಪ್ರಕಾರದ ಮೇಲೆ. ಅದು ಕೌಂಟರಿನ ಒಳಗೆ ಕೂತು ಹೊರಗೆ ನೋಡುತ್ತದೆ. ಸ್ಥಾಪಕರಿಗೆ ಹೆಸರು, ಭಾವಚಿತ್ರ, ಠೇವಣಿದಾರರಿಗೆ ಮೊತ್ತ. 1928ರಲ್ಲಿ ಸಿಂಡಿಕೇಟ್ ಶುರುಮಾಡಿದ ಪಿಗ್ಮಿ ಯೋಜನೆ ಮ್ಯಾನೇಜ್‌ಮೆಂಟ್ ತರಗತಿಗೆ ಹೇಳಿ ಮಾಡಿಸಿದ ಪಾಠ: ಏಜೆಂಟರು ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ವಸೂಲು ಮಾಡಿದರು, ಬಡವರ ಚಿಲ್ಲರೆ ಬ್ಯಾಂಕಿನ ಬಂಡವಾಳವಾಯಿತು. ಆದರೆ ಆ ಎರಡಾಣೆ ಯಾವ ಡಬ್ಬಿಯಿಂದ ಬಂತು, ಆ ದಿನ ಅಡುಗೆಮನೆಯಲ್ಲಿ ಏನು ಕಡಿಮೆ ಬಿತ್ತು ಎಂಬುದು ಕೌಂಟರಿನ ಒಳಗಿಂದ ಕಾಣುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈ ಕುರುಡು ಇನ್ನೂ ದೊಡ್ಡದು. ಯಾಕೆಂದರೆ ಇಲ್ಲಿಯ ಉಳಿತಾಯ ಪಾಸ್‌ಬುಕ್ಕಿಗಿಂತ ಮೊದಲು ಅಟ್ಟದ ಮೇಲಿರುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಬೇಕು, ಗಿಟುಕು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ನಮ್ಮಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ‘ಇನ್ನೂ ಆಗಿಲ್ಲ’ ಎನ್ನುತ್ತಿದ್ದಳು. ಅವಧಿ ಠೇವಣಿ ಪಕ್ವವಾಗುವುದೆಂದರೇನೆಂದು ನನಗೆ ಗೊತ್ತಾದದ್ದು ಹಾಗೆ. ಈ ಠೇವಣಿಗೆ ಬಡ್ಡಿಯಿಲ್ಲ, ಅಪಾಯ ಮಾತ್ರ ಪೂರ್ತಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ 8 ಸಾವಿರದ ಆಸುಪಾಸು. ರೈತರು ಬೀದಿಗೆ ಬಂದರು. ಎರಡು ವರ್ಷ ಕಳೆದು 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು; ಆ ಹೊತ್ತಿಗೆ ಎಷ್ಟೋ ಅಟ್ಟಗಳು ಬರಿದಾಗಿದ್ದವು.

ಸಾಲದ ವಿಷಯಕ್ಕೆ ಬಂದರೆ, ಬ್ಯಾಂಕು ಗೋದಾಮಿನ ರಸೀದಿಯನ್ನು ಅಡವಿಟ್ಟುಕೊಳ್ಳುತ್ತದೆ, ಅಟ್ಟವನ್ನಲ್ಲ. ಅಟ್ಟದ ಮೇಲೆ ಸಾಲ ಕೊಡುವವರು ಮಂಡಿಯವರು. ಮದುವೆಗೋ ಬೋರ್‌ವೆಲ್ಲಿಗೋ ಮುಂಗಡ ಕೊಡುತ್ತಾರೆ, ಕೊಬ್ಬರಿ ಅವರ ಮಂಡಿಗೇ ಬರಬೇಕು ಎಂಬುದೇ ಕರಾರು. ಅದರಲ್ಲಿ ಉಪಕಾರವೂ ಇದೆ, ಕೊರಳಿನ ಹಗ್ಗವೂ ಇದೆ. ಮ್ಯಾನೇಜ್‌ಮೆಂಟ್ ಶಾಲೆ ಇದನ್ನು ‘ಅನೌಪಚಾರಿಕ ಸಾಲ’ ಎಂದು ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತದೆ. ಹಗ್ಗದ ಗಂಟು ಎಲ್ಲಿದೆ ಎಂದು ತೋರಿಸಲು ಬೇರೆ ಥರದ ಗದ್ಯ ಬೇಕು.

ಅಂಥ ಗದ್ಯ ಕನ್ನಡದಲ್ಲಿ ಇಲ್ಲದೆ ಇಲ್ಲ. ಗ್ರಾಮೀಣ ಹಣಕಾಸನ್ನೇ ಓದಿ, ಐಐಎಂನಲ್ಲಿ ಅದನ್ನೇ ಕಲಿಸಿದ ಎಂ.ಎಸ್. ಶ್ರೀರಾಮ್ ‘ಮಾಯಾದರ್ಪಣ’, ‘ಅವರವರ ಸತ್ಯ’, ‘ತೇಲ್ ಮಾಲಿಶ್’ ಸಂಕಲನಗಳ ಕತೆಗಾರರೂ ಹೌದು. ಅವರ ಸಂಶೋಧನೆ ಒಂದು ಕಪಾಟಿನಲ್ಲಿ, ಕತೆ ಇನ್ನೊಂದರಲ್ಲಿ ಇರುವುದನ್ನು ನೋಡಿದಾಗಲೆಲ್ಲ, ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಓದುವ ವಿಮರ್ಶಕರು ಎಲ್ಲಿ ಎಂದು ಕೇಳಿಕೊಳ್ಳುತ್ತೇನೆ. ತೀನಂಶ್ರೀ ಹುಟ್ಟಿದ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದೇ. ಕಾವ್ಯಮೀಮಾಂಸೆ ಕೊಟ್ಟ ಸೀಮೆ ಕೊಬ್ಬರಿಯ ಮೀಮಾಂಸೆಗೆ ಇನ್ನೂ ಕೈಹಾಕಿಲ್ಲ!

ತಿಂಗಳಾಯರ ಪ್ರಶ್ನೆಯನ್ನು ಇಲ್ಲಿಗೆ ತಂದರೆ ಅದು ತಲೆಕೆಳಗಾಗುತ್ತದೆ. ಅಲ್ಲಿ, ಬೆಳೆ ಕಮ್ಮಿಯಿದ್ದ ಕಡೆ ಬ್ಯಾಂಕು ಯಾಕೆ ಹುಟ್ಟಿತು? ಇಲ್ಲಿ, ವರ್ಷವಿಡೀ ಸರಕು ಹೊರಡುವ, ದೇಶದ ಉಂಡೆ ಕೊಬ್ಬರಿಗೆ ದರ ಹೇಳುವ ಪೇಟೆಯಿದ್ದೂ ಅಂಥ ಬ್ಯಾಂಕು ಪೇಟೆಯವರ ಕೈಯಿಂದ ಯಾಕೆ ಹುಟ್ಟಲಿಲ್ಲ? ಮಂಡಿಯೇ ಆ ಕೆಲಸ ಮಾಡುತ್ತಿದ್ದುದರಿಂದ ಬ್ಯಾಂಕಿನ ಅಗತ್ಯ ಯಾರಿಗೂ ಕಾಣಲಿಲ್ಲವೇನೋ ಎಂಬುದು ನನ್ನ ಅನುಮಾನ. ಅದನ್ನು ಪರೀಕ್ಷಿಸಲು ಬೇಕಾದದ್ದು ಬ್ಯಾಂಕಿನ ವಾರ್ಷಿಕ ವರದಿಯಲ್ಲ, ಮಂಡಿಯ ಹಳೆಯ ಖಾತೆ ಪುಸ್ತಕ. ಒಂದು ಪುಟದಲ್ಲಿ ರೈತನ ಹೆಸರು, ಊರು, ಮುಂಗಡ. ಎದುರು ಪುಟದಲ್ಲಿ ಬಂದ ಚೀಲ, ತೂಕ, ಕಡಿತ.