ಜಲಾಂತರ್ಗಾಮಿಯ ಬೇಹುಗಾರ: ಪಿಯಾಜ್ಜೊ ಪಿ.8

1928ರ ಸುಮಾರಿನಲ್ಲಿ ಇಟಲಿಯ ನೌಕಾಪಡೆಯು, ತಾರಾಂತೊ ನಗರದಲ್ಲಿ ನಿರ್ಮಾಣವಾಗುತ್ತಿದ್ದ ಎತ್ತೊರೆ ಫಿಯೆರಮೋಸ್ಕ ಎಂಬ ದೊಡ್ಡ ಜಲಾಂತರ್ಗಾಮಿಗೆ ನೀರು ಹೊಗದಂಥ ಕೊಳವೆಯಾಕಾರದ ಗೂಡೊಂದನ್ನು ಕಲ್ಪಿಸಿ, ಅದರೊಳಗೆ ಅಡಗಿದ್ದು ಬೇಕಾದೆಡೆಯಲ್ಲಿ ಹೊರಬಂದು ಹಾರಬಲ್ಲ ಪುಟ್ಟ ಬೇಹಿನ ವಿಮಾನವೊಂದನ್ನು ಬಯಸಿತು. ಆ ಬಯಕೆಯಿಂದ ಹುಟ್ಟಿದುವು ಎರಡು: ಮಾಕಿ ಸಂಸ್ಥೆಯ ಎಂ.53 ಮತ್ತು ಪಿಯಾಜ್ಜೊ ಸಂಸ್ಥೆಯ ಪಿ.8. ಎರಡೂ ಮಾದರಿಗಳಾಗಿಯೇ ಉಳಿದುವು. ಯುದ್ಧವನ್ನು ಕಾಣದ ವಿಮಾನಕ್ಕೆ ವಿಮರ್ಶೆಯೇಕೆ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಬೇಹುಗಾರಿಕೆಗೆ ಮೂಲತಃ ಏನು ಬೇಕು ಎಂಬುದನ್ನು ಪಿ.8 ತನ್ನ ಗುಣದಿಂದಲೂ ಕೊರತೆಯಿಂದಲೂ ಸಮಾನವಾಗಿ ತಿಳಿಸಿಕೊಡುತ್ತದೆ.

ನೌಕಾಪಡೆಯ ಬಯಕೆ ನಿರಾಧಾರವಾದುದಲ್ಲ. ನೀರಿನಿಂದ ಆರು ಮೀಟರ್ ಎತ್ತರದಲ್ಲಿ ನಿಂತ ಕಾವಲುಗಾರನಿಗೆ ಕ್ಷಿತಿಜವು ಸುಮಾರು 9 ಕಿಲೋಮೀಟರ್ ದೂರದಲ್ಲಿಯೇ ಮುಗಿದುಹೋಗುತ್ತದೆ. 500 ಮೀಟರ್ ಮೇಲೇರಿದವನಿಗಾದರೋ ಅದು ಸುಮಾರು 80 ಕಿಲೋಮೀಟರ್‌ಗಳವರೆಗೆ ವಿಸ್ತರಿಸುತ್ತದೆ. ಈ ಅಂತರವನ್ನು ಬಲ್ಲವನು ಜಲಾಂತರ್ಗಾಮಿಗೆ ರೆಕ್ಕೆಯುಳ್ಳ ಕಣ್ಣೊಂದಿರಲಿ ಎಂದು ಹಂಬಲಿಸಿದರೆ ಆಶ್ಚರ್ಯವಿಲ್ಲ.

ಪಿ.8ರ ರಚನೆಯಲ್ಲಿ ಮೊದಲು ಮೆಚ್ಚತಕ್ಕದ್ದು ಅದರ ಮಿತವ್ಯಯ. ಅದು ಎರಡು ತೇಲುದೋಣಿಗಳ ಮೇಲೆ ನಿಂತ ಒಂಟಿರೆಕ್ಕೆಯ ವಿಮಾನ. ರೆಕ್ಕೆಯು ಒಡಲಿಗೆ ಅಂಟಿಕೊಳ್ಳದೆ ಊರುಗೋಲುಗಳ ಆಧಾರದಿಂದ ವೈಮಾನಿಕನ ತಲೆಯ ಮೇಲೆ ಕೊಡೆಯಂತೆ ಹರಡಿಕೊಂಡಿರುವುದರಿಂದ, ಕೆಳಗಿನ ಕಡಲನ್ನು ನೋಡುವ ದೃಷ್ಟಿಗೆ ಯಾವ ಅಡ್ಡಿಯೂ ಇಲ್ಲ. ಬೇಗನೆ ಬಿಚ್ಚಿ ಗೂಡಿಗೆ ಸೇರಿಸಲು ಅನುಕೂಲವಾದ ರಚನೆಯೇ ನೋಡುವುದಕ್ಕೂ ಅನುಕೂಲವಾದುದು ನಿಪುಣವಾದ ಶಿಲ್ಪದ ಲಕ್ಷಣ.

ಆದರೆ ದೋಷವೂ ಇಲ್ಲಿಂದಲೇ ಮೊದಲಾಗುತ್ತದೆ. ಗೂಡಿನ ವ್ಯಾಸ ಕಿರಿದಾದುದರಿಂದ ವಿಮಾನ ಕಿರಿದಾಯಿತು. ವಿಮಾನ ಕಿರಿದಾದುದರಿಂದ 75 ಅಶ್ವಶಕ್ತಿಯ ಸಿರಸ್ ಎಂಜಿನ್ನಿನಿಂದಲೇ ತೃಪ್ತಿಪಡಬೇಕಾಯಿತು. ಅಷ್ಟು ಪುಟ್ಟ ವಿಮಾನದಲ್ಲಿ ಸ್ಥಳವಿದ್ದುದು ಒಬ್ಬನಿಗೆ ಮಾತ್ರ. ಆ ಒಬ್ಬನೇ ವಿಮಾನವನ್ನು ನಡೆಸಬೇಕು, ಗುರುತುಗಳಿಲ್ಲದ ಕಡಲಿನ ಮೇಲೆ ದಿಕ್ಕನ್ನು ಲೆಕ್ಕ ಹಾಕಬೇಕು, ಶತ್ರುನೌಕೆಗಳನ್ನು ಎಣಿಸಿ ಬರೆದುಕೊಳ್ಳಬೇಕು, ಕಡೆಗೆ ತಾನು ಹೊರಟ ಪುಟ್ಟ ಹಡಗನ್ನು ಹುಡುಕಿ ಹಿಂದಿರುಗಬೇಕು. ಕಂಡುದನ್ನು ಕಳುಹಿಸಿದವನಿಗೆ ಮುಟ್ಟಿಸದ ಬೇಹು ಬೇಹೇ ಅಲ್ಲ. ಇಂಗ್ಲೆಂಡಿನ ಎಂ2 ಜಲಾಂತರ್ಗಾಮಿಯ ಪಾರ್ನಾಲ್ ಪೀಟೋ, ಫ್ರಾನ್ಸಿನ ಸುರ್ಕೂಫ್ ಜಲಾಂತರ್ಗಾಮಿ ಹೊತ್ತ ಬೆಸ್ಸೋನ್ ವಿಮಾನ, 1942ರಲ್ಲಿ ಐ-25 ಜಲಾಂತರ್ಗಾಮಿಯಿಂದ ಹೊರಟು ಅಮೆರಿಕದ ಆರೆಗನ್ ಅರಣ್ಯದ ಮೇಲೆ ಹಾರಿದ ಜಪಾನೀ ವಿಮಾನ, ಇವೆಲ್ಲವೂ ಇಬ್ಬರಿಗೆ ಪೀಠವುಳ್ಳವಾಗಿದ್ದುದು ಆಕಸ್ಮಿಕವಲ್ಲ.

ಇದಕ್ಕಿಂತ ಗಹನವಾದ ತೊಡಕೊಂದುಂಟು. ಗೂಡಿನ ಬಾಗಿಲನ್ನು ತೆರೆದು, ವಿಮಾನವನ್ನು ಹೊರಕ್ಕೆಳೆದು, ರೆಕ್ಕೆಗಳನ್ನು ಜೋಡಿಸಿ, ನೀರಿಗಿಳಿಸಿ, ಅದು ಮರಳಿದ ಮೇಲೆ ಮತ್ತೆ ಎತ್ತಿ ಬಿಚ್ಚಿ ಒಳಸೇರಿಸುವ ತನಕ, ಅಡಗಿರುವುದೇ ಬಲವಾದ ಹಡಗು ಆ ಬಲವನ್ನು ತೊರೆದು ಬಯಲಿನಲ್ಲಿ ನಿಂತಿರಬೇಕು. 1932ರ ಜನವರಿ 26ರಂದು ಎಂ2 ತನ್ನ ಅರುವತ್ತು ಮಂದಿಯೊಡನೆ ಮುಳುಗಿತು. ಮುಳುಗುಗಾರರು ಇಳಿದು ನೋಡಿದಾಗ ಅದರ ವಿಮಾನಗೂಡಿನ ಬಾಗಿಲು ತೆರೆದಿದ್ದಿತು.

ಪೆಸಿಫಿಕ್ಕಿನಂಥ ಅಪಾರ ಸಾಗರದಲ್ಲಿ ಈ ಅಪಾಯಕ್ಕೆ ಅರ್ಥವಿದ್ದೀತು. ಸಿಸಿಲಿಯಿಂದ ಆಫ್ರಿಕದ ತೀರಕ್ಕೆ ಸುಮಾರು 150 ಕಿಲೋಮೀಟರ್ ಮಾತ್ರವಿರುವ ಮೆಡಿಟರೇನಿಯನ್ನಿನಲ್ಲಿ, ನಡುಗಡಲಿಗೆ ಚಾಚಿಕೊಂಡ ದೇಶಕ್ಕೆ ತನ್ನ ಕರಾವಳಿಯಿಂದಲೇ ಹಾರುವ ದೊಡ್ಡ ಸಮುದ್ರವಿಮಾನಗಳು ಅದೇ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿಕೊಡುತ್ತಿದ್ದುವು. 1931ರ ಹೊತ್ತಿಗೆ ನೌಕಾಪಡೆಯು ಫಿಯೆರಮೋಸ್ಕದ ಗೂಡನ್ನೇ ಕೈಬಿಟ್ಟಿತು. ಪಿ.8ರ ಶಿಲ್ಪಕ್ಕೆ ನನ್ನ ಮೆಚ್ಚಿಗೆ ಪೂರ್ಣವಾದುದು. ಅದನ್ನು ತೊರೆದ ನಿರ್ಣಯಕ್ಕೆ ನನ್ನ ಸಮ್ಮತಿಯೂ ಅಷ್ಟೇ ಪೂರ್ಣವಾದುದು.