ಗವಾಯಿ ಮಾಸ್ತರ

"ಕಾಲೇಜಿನ್ಯಾಗ ಗವಾಯಿ ಹುಟ್ಟಂಗಿಲ್ರೀ." ಧಾರವಾಡದಲ್ಲಿ ಮೈಫಲು ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ಯಾರಾದರೊಬ್ಬರ ಬಾಯಿಂದ ಈ ಮಾತು ಬಂದೇ ಬರುತ್ತದೆ. ಹೇಳುವವರು ಹಾಡಿಕೆ ಬಲ್ಲವರು, ನಾಲ್ಕು ದಶಕ ಕೇಳಿ ಕಿವಿ ಪಳಗಿದವರು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ. ಎಷ್ಟೋ ಸಲ ಆ ಸಂಜೆ ಅವರನ್ನು ತಣಿಸಿದ ಗವಾಯಿಯೇ ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮಾಸ್ತರ.

ಇದು ಈಚೆಗೆ ಹುಟ್ಟಿದ ಪದ್ಧತಿಯೂ ಅಲ್ಲ. ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಗ್ವಾಲಿಯರ್, ಆಗ್ರಾ, ಜೈಪುರ, ಈ ಮೂರೂ ಘರಾಣೆಗಳ ಉಸ್ತಾದರಲ್ಲಿ ಕಲಿತು ಬಂದವರು, ಮುಂದೆ ಬಾಲಗಂಧರ್ವರಿಗೂ ಮಾಸ್ಟರ್ ಕೃಷ್ಣರಾವ್ ಅವರಿಗೂ ಗುರುವಾದವರು. ಅಂಥವರು ಶಾಲಾ ಶಿಕ್ಷಕರಾಗಲಿದ್ದ ಹುಡುಗರಿಗೆ ಸರಿಗಮ ಹೇಳಿಕೊಡುತ್ತಿದ್ದರು. ಆ ಹುಡುಗರಲ್ಲಿ ಯಾರೂ ಬಖಲೆಯಾಗಲಿಲ್ಲ. ಆದರೆ ಆ ನೌಕರಿಯ ನೆಪದಿಂದ ಬುವಾ ಈ ಊರಲ್ಲಿ ನೆಲೆಸಿದರು, ಹಾಡಿದರು, ಊರು ಕೇಳಿತು. ಕಾಲೇಜಿನ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬೇಕು.

ಸಂಗೀತಕ್ಕೆ ಕಾಲೇಜು ಬೇಕೆಂಬ ವಿಚಾರ ಬಂದದ್ದು ಎರಡು ದಾರಿಯಿಂದ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯ ಕಟ್ಟಿದರು. ಅದು ರಾಜರ ಖಜಾನೆಯನ್ನು ನೆಚ್ಚದೆ ಜನರ ದುಡ್ಡಿನಿಂದ ನಡೆದ ಶಾಲೆ. ಸಾಲ ಅವರನ್ನು ಬಿಡಲಿಲ್ಲ, ಮುಂಬಯಿಯಲ್ಲಿ ಕಟ್ಟಿದ ಕಟ್ಟಡ ಕೊನೆಗೆ ಹರಾಜಾಯಿತು. ಇನ್ನೊಂದು ದಾರಿ ಭಾತಖಂಡೆಯವರದು. ವಕೀಲರಾಗಿದ್ದ ಅವರು ಊರೂರು ತಿರುಗಿ ಉಸ್ತಾದರ ಬಂದಿಶ್‌ಗಳನ್ನು ಬರೆದುಕೊಂಡರು, ಹತ್ತು ಥಾಟುಗಳಲ್ಲಿ ರಾಗಗಳನ್ನು ಜೋಡಿಸಿದರು, ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಅವರ ಪದ್ಧತಿಗೆ ಮನೆಯಾಯಿತು. ಒಬ್ಬರದು ಭಕ್ತಿಯ ಉತ್ಸಾಹ, ಇನ್ನೊಬ್ಬರದು ವಿದ್ವತ್ತಿನ ಶಿಸ್ತು. ಖಾನಸಾಹೇಬರ ಕೋಣೆಯಲ್ಲಿ ಬೀಗ ಹಾಕಿಕೊಂಡು ಕೂತಿದ್ದ ವಿದ್ಯೆ ಬೀದಿಗೆ ಬರಬೇಕು ಎಂಬ ಹಟ ಇಬ್ಬರದೂ.

ಇಲ್ಲಿ ಒಂದು ಸಂಗತಿಯನ್ನು ನಾವು ಸುಲಭವಾಗಿ ಮರೆಯುತ್ತೇವೆ. ಪಲುಸ್ಕರರ ಶಾಲೆಯೊಳಗೇ ಇನ್ನೊಂದು ಶಾಲೆ ಇತ್ತು. ಉಪದೇಶಕ ವರ್ಗವೆಂದು ಅದರ ಹೆಸರು. ಅದಕ್ಕೆ ಸೇರಿದ ಹುಡುಗರಿಗೆ ಊಟ ವಸತಿ ಅಲ್ಲೇ, ವರ್ಷಗಟ್ಟಲೆ ಗುರುವಿನ ಕಣ್ಣೆದುರಲ್ಲೇ ಬದುಕು. ಓಂಕಾರನಾಥ ಠಾಕೂರ್, ವಿನಾಯಕರಾವ್ ಪಟವರ್ಧನ್, ನಾರಾಯಣರಾವ್ ವ್ಯಾಸ್ ಮೇಲೆದ್ದದ್ದು ಗುರುವಿನ ಈ ಸಹವಾಸದಿಂದ, ಸಂಜೆಯ ತರಗತಿಯಿಂದಲ್ಲ.

ಮ್ಯಾರಿಸ್ ಕಾಲೇಜಿನ ಕಥೆಯೂ ಹಾಗೆಯೇ. ಅದರಲ್ಲಿ ನಮ್ಮವರ ಪಾಲು ದೊಡ್ಡದು. ಬೈಲಹೊಂಗಲದಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಇನ್ನೂ ಹುಡುಗನಾಗಿದ್ದಾಗಲೇ ಲಖನೌಗೆ ಹೋದರು. ಬೆಂಗಳೂರಿನ ಚಿದಾನಂದ ನಗರಕರ್, ಉತ್ತರ ಕನ್ನಡದ ಎಸ್.ಸಿ.ಆರ್. ಭಟ್ ಕೂಡ ಅದೇ ಹಾದಿ ಹಿಡಿದರು. ಆಗ ಪ್ರಾಂಶುಪಾಲರಾಗಿದ್ದವರು ಶ್ರೀಕೃಷ್ಣ ರತನ್‌ಜನಕರ್. ಗಿಂಡೆ ಬೆಳೆದದ್ದು ಅವರ ಮನೆಯಲ್ಲೇ. ಹಗಲು ಪಠ್ಯಕ್ರಮ, ರಾತ್ರಿ ಮತ್ತು ನಸುಕಿನಲ್ಲಿ ತಾಲೀಮು. ಮುಂದೆ ನಗರಕರ್ ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯನ್ನು ಮುನ್ನಡೆಸಿದರು. ಗಿಂಡೆ ನೂರಾರು ಬಂದಿಶ್‌ಗಳ ಕಣಜವಾಗಿ, ಗುರುಗಳಿಗೂ ಗುರುವಾಗಿ ಬಾಳಿದರು. ಮ್ಯಾರಿಸ್ ಕಾಲೇಜು ಗವಾಯಿಗಳನ್ನು ಕೊಟ್ಟದ್ದು ನಿಜವೇ. ಆದರೆ ಅವರನ್ನು ಕೊಟ್ಟದ್ದು ಪ್ರಾಂಶುಪಾಲರ ಮನೆ. ಆ ಮನೆ ಲಖನೌದಲ್ಲಿ ಇದ್ದದ್ದಕ್ಕೆ ಕಾರಣ ಕಾಲೇಜು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ.

ಇತ್ತ ಧಾರವಾಡದ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ದರಬಾರಿಗೆ ಹೋಗುವ ಉಸ್ತಾದರ ದಾರಿಯಲ್ಲಿತ್ತು. ಅಬ್ದುಲ್ ಕರೀಂ ಖಾನರು ಇಲ್ಲಿ ಇಳಿದುಕೊಂಡರು, ಕುಂದಗೋಳದ ರಾಮಭಾವು ಅವರ ಕೈಯಲ್ಲಿ ಪಳಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಅವರಲ್ಲಿ ಕಲಿತರು. ಬೆರಳೆಣಿಕೆಯ ರಾಗಗಳು, ಒಂದೊಂದು ಸ್ವರಪುಂಜವನ್ನೂ ಗಂಟಲಲ್ಲಿ ಕೂರುವ ತನಕ ಮತ್ತೆ ಮತ್ತೆ. ಮಲ್ಲಿಕಾರ್ಜುನ ಮನ್ಸೂರರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯನ ಕಲಿತರು. ಆಮೇಲೆ ಮಂಜಿಖಾನರು ಸಿಕ್ಕರು. 1937ರಲ್ಲಿ ಖಾನರು ತೀರಿಕೊಂಡಾಗ ಅವರ ತಮ್ಮ ಬುರ್ಜಿಖಾನರಲ್ಲಿ ತಾಲೀಮು ಮುಂದುವರಿಯಿತು. ಇದಕ್ಕೆಲ್ಲ ಪಠ್ಯಕ್ರಮ ಬರೆಯಲಾಗದು. ನಾಲ್ಕು ತಿಂಗಳ ಒಂದು ಸೆಮಿಸ್ಟರಿನಲ್ಲಿ ಆರು ರಾಗ ಮುಗಿಸಬೇಕೆಂಬ ನಿಯಮ ಸವಾಯಿ ಗಂಧರ್ವರ ಮನೆಯಲ್ಲಿ ಇದ್ದಿದ್ದರೆ ಗಂಗೂಬಾಯಿ ನಮಗೆ ಸಿಗುತ್ತಿರಲಿಲ್ಲ.

ಹೀಗೆ ಬೆಳೆದವರನ್ನೇ ಮುಂದೆ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರ ಕರೆಯಿತು. ಗಂಗೂಬಾಯಿ ಅಲ್ಲಿ ಗೌರವ ಪ್ರಾಧ್ಯಾಪಕಿಯಾದರು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳು ಅವರು. ಆ ಕಾಲದ ವಿಶ್ವವಿದ್ಯಾಲಯಕ್ಕೆ ಇದ್ದ ದೊಡ್ಡ ಮನಸ್ಸನ್ನು ಇಂದಿಗೂ ನಾನು ಹೆಮ್ಮೆಯಿಂದ ನೆನೆಯುತ್ತೇನೆ.

ಈ ಪರಂಪರೆಯ ಬಲವನ್ನೂ ಮಿತಿಯನ್ನೂ ಒಬ್ಬರಲ್ಲೇ ನೋಡಬೇಕೆಂದರೆ ಪಂಡಿತ ವೆಂಕಟೇಶಕುಮಾರರನ್ನು ನೋಡಬೇಕು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದವರು. ತಂದೆ ಹುಲ್ಲೆಪ್ಪ ಜನಪದ ಹಾಡುಗಾರ, ತೊಗಲುಗೊಂಬೆ ಆಡಿಸುತ್ತಿದ್ದವರು. ಹುಡುಗ ಗದಗಿನ ವೀರೇಶ್ವರ ಪುಣ್ಯಾಶ್ರಮ ಸೇರಿದ. ಅಲ್ಲಿ ಪುಟ್ಟರಾಜ ಗವಾಯಿಗಳ ಪದತಲದಲ್ಲಿ ಸುಮಾರು ಹನ್ನೆರಡು ವರ್ಷ ಕಲಿತ. ಪಂಚಾಕ್ಷರಿ ಗವಾಯಿಗಳು ಬೆಳೆಸಿದ ಆ ಆಶ್ರಮಕ್ಕೆ ಜಾತಿಯ ಹಂಗಿಲ್ಲ, ಶುಲ್ಕವಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅದೇ ಮನೆ, ಅದೇ ಊಟ, ಅದೇ ವಿದ್ಯೆ. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಎಲ್ಲರೂ ಅಲ್ಲಿಂದಲೇ ಬಂದವರು. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಒಂದೇ ಅಂಗಳದಲ್ಲಿ ಕೇಳಿಸುವ ಇನ್ನೊಂದು ಜಾಗ ನಮ್ಮಲ್ಲಿ ಸಿಗುವುದು ಅಪರೂಪ.

ಆಶ್ರಮದಿಂದ ಹೊರಬಂದ ವೆಂಕಟೇಶಕುಮಾರರು ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಕಾಲೇಜಿನಲ್ಲಿ ಮಾಸ್ತರರಾದರು. 2015ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಇದ್ದರು. ದೇಶದ ದೊಡ್ಡ ವೇದಿಕೆಗಳಲ್ಲಿ ಅವರ ಹೆಸರು ಗಟ್ಟಿಯಾದದ್ದು ತಡವಾಗಿ. ಪದ್ಮಶ್ರೀ ಬಂದದ್ದು ನಿವೃತ್ತಿಯ ಮರುವರ್ಷ, 2016ರಲ್ಲಿ. ನಡುವಿನ ಆ ದೀರ್ಘ ಕಾಲದಲ್ಲಿ ಮನೆ ನಡೆಸಿದ್ದು ಕಾಲೇಜಿನ ಸಂಬಳ. ಈ ಮಾತನ್ನು ಸಣ್ಣದೆಂದು ಯಾರೂ ತಿಳಿಯಬಾರದು. ಹಾಡುಗಾರನ ಗಂಟಲು ಮಾಗುವುದು ನಲವತ್ತರ ನಂತರ. ಅಲ್ಲಿಯ ತನಕ ಅವನನ್ನು ಯಾರು ಸಾಕಬೇಕು? ಮಹಾರಾಜರು ಹೋದರು, ಸಂಸ್ಥಾನಿಕರು ಹೋದರು, ನಾಟಕ ಕಂಪನಿಗಳು ಮುಚ್ಚಿದವು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕೆಲವರಿಗೆ ನೆಲೆ ಕೊಟ್ಟಿತು, ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಉಳಿದವರನ್ನು ಹಿಡಿದದ್ದು ಕಾಲೇಜು. ತಿಂಗಳ ಒಂದನೇ ತಾರೀಖು ಸಂಬಳ ಬರುತ್ತದೆ ಎಂಬ ಧೈರ್ಯ ಇದ್ದದ್ದರಿಂದಲೇ ಅವರು ಜನ ಮೆಚ್ಚುವ ಹಗುರ ಹಾಡಿಕೆಗೆ ಜಾರದೆ ರಾಗದ ವಿಸ್ತಾರಕ್ಕೆ ಕೂತರು.

ಕಾಲೇಜು ಗವಾಯಿಯನ್ನು ಹುಟ್ಟಿಸದೇ ಇರಬಹುದು, ಅವನು ಬದುಕಿ ಮಾಗುವಂತೆ ಮಾಡಿತು. ಈ ಪರಂಪರೆಯ ಬಗ್ಗೆ ನನ್ನ ಮುಖ್ಯ ತೀರ್ಮಾನ ಇದು.

ಇನ್ನು ಕಾಲೇಜಿನ ಸೋಲು. ಒಮ್ಮೆ ಪರೀಕ್ಷಕನಾಗಿ ಒಂದು ಊರಿನ ಕಾಲೇಜಿಗೆ ಹೋಗಿದ್ದೆ. ಪ್ರಾಯೋಗಿಕ ಪರೀಕ್ಷೆ. ಮೂಲೆಯಲ್ಲಿ ಎರಡು ಮೀರಜ್ ತಂಬೂರಿ ಗವಸು ಹೊದ್ದು ನಿಂತಿದ್ದವು, ತಂತಿಗೆ ಧೂಳು. ಮೇಜಿನ ಮೇಲೆ ಮೊಬೈಲಿನ ತಂಬೂರಿ ನುಡಿಯುತ್ತಿತ್ತು. ಒಬ್ಬ ಹುಡುಗಿ ಯಮನ್ ಹಾಡಿದಳು. ಆಲಾಪ ಎರಡು ನಿಮಿಷ, ಬಂದಿಶ್, ಎಣಿಸಿದ ಹಾಗೆ ಎಂಟು ತಾನು. ಒಂದೂ ತಪ್ಪಿಲ್ಲ. "ಈಗ ಬರೀ ನಿಷಾದದ ಮೇಲೆ ನಿಂತು ತೋರಿಸವ್ವಾ" ಎಂದೆ. ಅವಳು ಗಲಿಬಿಲಿಗೊಂಡು ಮಾಸ್ತರರ ಮುಖ ನೋಡಿದಳು. ಅದು ಸಿಲೆಬಸ್ಸಿನಲ್ಲಿ ಇರಲಿಲ್ಲ. ತಪ್ಪು ಹುಡುಗಿಯದಲ್ಲ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡ ಮಾಸ್ತರ ಒಬ್ಬೊಬ್ಬರ ಗಂಟಲಿಗೆ ಕೊಡಬಹುದಾದ ಹೊತ್ತು ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ಸ್ವರದ ಮೇಲೆ ನಿಲ್ಲುವುದನ್ನು ಯಾರು ಕಲಿಸಿಯಾರು!

ಮಾಸ್ತರರಿಗಾಗುವ ನಷ್ಟವೂ ಇದೆ. ಇಪ್ಪತ್ತು ಮಕ್ಕಳಿಗೆ ಒಟ್ಟಿಗೆ ಕೇಳಲೆಂದು ದಿನವೂ ಏರಿಸಿ ಹಾಡುವ ದನಿ ಸಂಜೆಯ ಕಛೇರಿಗೆ ಉಳಿಯುವುದಿಲ್ಲ. ಹೆಂಗಸರ ಮತ್ತು ಗಂಡಸರ ಶ್ರುತಿ ಒಂದೇ ತರಗತಿಯಲ್ಲಿ ಹೊಂದುವುದಿಲ್ಲ, ಯಾರೋ ಒಬ್ಬರು ಹಿಂಸೆಪಟ್ಟು ಹಾಡಬೇಕಾಗುತ್ತದೆ. ಪುಣೆಯಲ್ಲೋ ಕೋಲ್ಕತ್ತದಲ್ಲೋ ಕಾರ್ಯಕ್ರಮ ಬಂದರೆ ರಜೆಗೆ ಅರ್ಜಿ ಹಾಕಬೇಕು. ವೇದಿಕೆಯ ಹಾಡಿಕೆಯೂ ತನ್ನ ಮಾಸ್ತರನ ಕೆಲಸದ ಭಾಗವೇ ಎಂದು ಒಪ್ಪುವ ಕಚೇರಿ ಅಪರೂಪ.

ದಕ್ಷಿಣಾದಿಯಲ್ಲಿ ಕಾಲೇಜು ಇದಕ್ಕಿಂತ ಹೆಚ್ಚು ಹೊಂದಿಕೊಂಡಿತು ಎಂದು ನನಗನ್ನಿಸುತ್ತದೆ. 1949ರಲ್ಲಿ ಮದರಾಸಿನಲ್ಲಿ ಕರ್ನಾಟಕ ಸಂಗೀತದ ಸರ್ಕಾರಿ ಕಾಲೇಜು ತೆರೆದಾಗ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲ ಪ್ರಾಂಶುಪಾಲರಾದರು. ಟಿ. ಬೃಂದಾ ಅವರಂಥವರು ಅಲ್ಲಿ ಪಾಠ ಹೇಳಿದರು. ತಿರುವನಂತಪುರದಲ್ಲಿ ಮುತ್ತಯ್ಯ ಭಾಗವತರ ನಂತರ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಪ್ರಾಂಶುಪಾಲರಾಗಿದ್ದರು. ಮೈಸೂರು ವಿಶ್ವವಿದ್ಯಾಲಯ 1965ರಲ್ಲಿ ಸಂಗೀತ ನೃತ್ಯ ಕಾಲೇಜು ತೆರೆದಾಗ ವಿದ್ವಾನ್ ವಿ. ರಾಮರತ್ನಂ ಅದನ್ನು ಕಟ್ಟಿದರು. ಅಲ್ಲಿ ಕೃತಿಯೆಂಬುದು ಗಟ್ಟಿ ಒಡವೆ. ಅದನ್ನು ಸಾಹಿತ್ಯ, ಸಂಗತಿ ಸಮೇತ ಹತ್ತು ಮಂದಿಗೆ ಒಟ್ಟಿಗೆ ದಾಟಿಸಬಹುದು. ಖಯಾಲಿನಲ್ಲಿ ಬಂದಿಶ್ ಎರಡೇ ಸಾಲು, ಉಳಿದದ್ದೆಲ್ಲ ಆ ಕ್ಷಣ ಬೆಳೆಸುವುದು. ಬೆಳೆಸುವುದನ್ನು ಗುಂಪಿಗೆ ಕಲಿಸಲು ಬರುವುದಿಲ್ಲ. ಹಿಂದೂಸ್ತಾನಿ ಗಾಯನಕ್ಕೆ ಕಾಲೇಜು ಬಿಗಿಯಾಗುವುದು ಇದೇ ಕಾರಣಕ್ಕೆ.

ಆದರೂ ಕಾಲೇಜಿಗೆ ಸಲ್ಲಬೇಕಾದ ಇನ್ನೊಂದು ದೊಡ್ಡ ಋಣವನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಕಾಲಕ್ಕೆ ಹಾಡುವ ಹೆಣ್ಣೆಂದರೆ ಊರು ಆಡಿಕೊಳ್ಳುತ್ತಿತ್ತು. ಗಂಗೂಬಾಯಿ ಬಾಲ್ಯದಲ್ಲಿ ಆ ಕಹಿ ಉಂಡವರು. ಸಂಗೀತ ಕಾಲೇಜಿನ ವಿಷಯವಾದ ಮೇಲೆ ಗುಮಾಸ್ತರ ಮಗಳು, ಶಿಕ್ಷಕರ ಮಗಳು, ರೈತರ ಮಗಳು ಬಗಲಿಗೆ ಪುಸ್ತಕ ಹಿಡಿದು ಹಗಲಲ್ಲೇ ಹಾಡಲು ಹೋದರು. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಇವತ್ತು ಮಕ್ಕಳಿಗೆ ಭೂಪ ಹೇಳಿಕೊಡುವ ಅಕ್ಕೋರು ಎಷ್ಟೋ ಮಂದಿ ಇಂಥ ಕಾಲೇಜುಗಳಿಂದ ಬಂದವರು. ತಬಲಾ, ಹಾರ್ಮೋನಿಯಂ ಸಾಥಿದಾರರೂ ಅಲ್ಲಿಂದ ಬಂದರು. ರಾತ್ರಿ ಒಂದು ಗಂಟೆಯ ತನಕ ಕೂತು, ಸಮ್ ಬಂದಲ್ಲಿ ಸರಿಯಾಗಿ ತಲೆದೂಗುವ ಕೇಳುಗರೂ ಬಂದರು. ತಾನಸೇನರಿಗೆ ಕಾನಸೇನರು ಬೇಕಲ್ಲವೆ?

ವೇದಿಕೆ, ಮಾಸ್ತರಿಕೆ ಎರಡೂ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ಇದೆ. ಸರೋದ್ ವಾದಕ ರಾಜೀವ ತಾರಾನಾಥರು 1995ರಿಂದ 2005ರ ತನಕ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಭಾರತೀಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು. ಅದಕ್ಕೆ ಮುಂಚೆ ಅವರು ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ವೇದಿಕೆಯ ಕಲಾವಿದನೇ ಮಾಸ್ತರನೂ ಆಗಬೇಕೆಂಬುದನ್ನು ಹೊರದೇಶದ ಒಂದು ಕಲಾಸಂಸ್ಥೆ ತಾನಾಗಿ ಅರಿತು ನಡೆಯಿತು.

ನಮ್ಮಲ್ಲಿ ಆ ಅರಿವು ಹಿಂದಕ್ಕೆ ಸರಿಯುತ್ತಿದೆ ಎಂಬುದೇ ನನ್ನ ಆತಂಕ. ಈಗ ಸಂಗೀತದ ಮಾಸ್ತರಿಕೆಗೆ ಸ್ನಾತಕೋತ್ತರ ಪದವಿ, ನೆಟ್ ಪರೀಕ್ಷೆ ಅಥವಾ ಪಿಎಚ್.ಡಿ. ಬೇಕು. ಯುಜಿಸಿಯ 2018ರ ನಿಯಮಗಳು ಕಲಾವಿದರಿಗೆ ಬೇರೊಂದು ಬಾಗಿಲು ತೆರೆದಿಟ್ಟಿವೆ ನಿಜ. ಹೆಸರಾಂತ ಗುರುವಿನಲ್ಲಿ ಕಲಿತ, ಆಕಾಶವಾಣಿಯ 'ಎ' ಶ್ರೇಣಿಯ ಕಲಾವಿದರನ್ನು ಸಹಾಯಕ ಪ್ರಾಧ್ಯಾಪಕರಾಗಿ ತೆಗೆದುಕೊಳ್ಳಬಹುದು. ಆದರೆ ಅದಕ್ಕೂ ಆ ವಿಷಯದ ಪದವಿ ಇರಲೇಬೇಕು. ಆ ಬಾಗಿಲಲ್ಲಿ ಗಂಗೂಬಾಯಿ ಒಳಗೆ ಬರುತ್ತಿರಲಿಲ್ಲ. ರಾಗಲಕ್ಷಣದ ಮೇಲೆ ಮುನ್ನೂರು ಪುಟ ಬರೆದು, ಆ ರಾಗವನ್ನು ಅರ್ಧ ಗಂಟೆ ಹಾಡಲಾರದವರು ಬರುತ್ತಾರೆ. ಬರವಣಿಗೆಯ ವಿದ್ವಾಂಸರು ಬೇಕು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಡಿಕೆಯ ಪಾಠ ಹೇಳುವ ಪಾಳಿ ಬಂದಾಗಲೇ ವಿದ್ಯೆ ಸೊರಗುವುದು.

2022ರಲ್ಲಿ ಯುಜಿಸಿ ಇನ್ನೊಂದು ಅವಕಾಶ ಕೊಟ್ಟಿದೆ. ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ಹುದ್ದೆ. ತಮ್ಮ ಕ್ಷೇತ್ರದಲ್ಲಿ ಹದಿನೈದು ವರ್ಷ ದುಡಿದು ಹೆಸರು ಮಾಡಿದವರನ್ನು ಪದವಿಯ ಕಾಗದ ಕೇಳದೆ ಕರೆಯಬಹುದು, ಹೆಚ್ಚೆಂದರೆ ನಾಲ್ಕು ವರ್ಷ. ನಾಲ್ಕು ವರ್ಷ ತಾಲೀಮಿಗೆ ಸಾಲದು. ಆದರೂ ಶುರುಮಾಡಲು ಸಾಕು.

ಹಾಗಾಗಿ ಧಾರವಾಡದ ವಿಶ್ವವಿದ್ಯಾಲಯಕ್ಕೂ, ಗಂಗೂಬಾಯಿಯವರ ಹೆಸರು ಹೊತ್ತು 2009ರ ಕಾಯ್ದೆಯಿಂದ ಮೈಸೂರಿನಲ್ಲಿ ಹುಟ್ಟಿದ ಸಂಗೀತ ವಿಶ್ವವಿದ್ಯಾಲಯಕ್ಕೂ ನನ್ನದೊಂದು ವಿನಂತಿ. ಪದವಿಯಿಲ್ಲದ ಒಬ್ಬ ದೊಡ್ಡ ಗವಾಯಿಯನ್ನಾದರೂ ಈ ವರ್ಷ ಕರೆಯಿರಿ. ಅವರಿಗೆ ಇಪ್ಪತ್ತು ಮಕ್ಕಳನ್ನು ಕೊಡಬೇಡಿ, ನಾಲ್ವರನ್ನು ಕೊಡಿ. ಆ ನಾಲ್ವರನ್ನು ಸೆಮಿಸ್ಟರಿನ ರಾಗಪಟ್ಟಿಯಿಂದ ಬಿಡುಗಡೆ ಮಾಡಿ. ಮೂಲೆಯ ತಂಬೂರಿಗಳಿಗೆ ಹೊಸ ತಂತಿ ಹಾಕಿಸಿ, ಜವಾರಿ ತೆಗೆಸಿ. ಬೆಳಗಿನ ಐದಕ್ಕೆ ಆ ಕೋಣೆಯ ಬೀಗ ತೆಗೆಯುವಂತೆ ಸಿಪಾಯಿಗೆ ಹೇಳಿ.